ಪಕ್ಕದ ಮನೆಗೆ ಹೊರಟ ಆನೆಗಳು

ಒಂದು ಆನೆಗೆ ಎಂಟುನೂರ ಐವತ್ತು ರೂಪಾಯಿ. ಗೋಡೆಗೆ ಕೂರಿಸುವ ಕೂಲಿ ಆನೆಗೆ ನೂರಿಪ್ಪತ್ತು. ಹಳೇ ಕಲ್ಲಿನಂತೆ ಅಲ್ಲಲ್ಲಿ ಪಾಚಿ ಹಿಡಿದ ಹಾಗೆ ಕಾಣಬೇಕಾದರೆ ಬಣ್ಣಕ್ಕೆ ಇನ್ನೂ ನೂರು. ಕುದುರೆ ಆನೆಗಿಂತ ದುಬಾರಿ, ಏಕೆಂದರೆ ಕಾಲು ತೆಳ್ಳಗೆ, ಅಚ್ಚಿನಿಂದ ಬಿಡಿಸುವಾಗ ಮುರಿಯುತ್ತದೆ. ಹಂಸ ಅಗ್ಗ, ಆದರೆ ಎರಡು ಮಾರು ದೂರದಿಂದ ನೋಡಿದರೆ ಬಾತುಕೋಳಿ. ಇದು ರಾಜಾನುಕುಂಟೆ ದಾಟಿದ ಮೇಲೆ ದೊಡ್ಡಬಳ್ಳಾಪುರ ರಸ್ತೆಯ ಪಕ್ಕದಲ್ಲಿರುವ ನಾಸಿರ್‌ನ ಸಿಮೆಂಟ್ ಶಿಲ್ಪದ ಅಂಗಡಿಯ ದರ. ಹಳೇ ದೇವಸ್ಥಾನಗಳ ಗೋಡೆಯ ಕೆಳಸಾಲಿನಲ್ಲಿ ಒಂದರ ಹಿಂದೊಂದು ಆನೆ ನಡೆಯುತ್ತಿರುತ್ತವಲ್ಲ, ಅವುಗಳ ನಕಲನ್ನು ಅವನು ಸಿಮೆಂಟಿನಲ್ಲಿ ಎರಕ ಹೊಯ್ದು ಮಾರುತ್ತಾನೆ.

ಆ ಬೇಸಿಗೆಯಲ್ಲಿ ಒಂದು ಟ್ಯಾಂಕರ್ ನೀರಿಗೆ ಸಾವಿರದ ಎಂಟುನೂರು. ಅದೂ ಟ್ಯಾಂಕರಿನವನು ಫೋನ್ ಎತ್ತಿದರೆ. ಆನೆಯ ದರ, ನೀರಿನ ದರ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದ್ದರೆ ವಿರೂಪಾಕ್ಷಪ್ಪನವರು ಆನೆಯ ತಂಟೆಗೇ ಹೋಗುತ್ತಿರಲಿಲ್ಲ.

ವಿರೂಪಾಕ್ಷಪ್ಪನವರು ಗದಗದ ಕಡೆಯವರು. ಇಲ್ಲೇ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ನಟ್ಟು ಬೋಲ್ಟು ಎಣಿಸಿ ನಿವೃತ್ತರಾಗಿ, ಶೆಟ್ಟಿಹಳ್ಳಿಯ ನಮ್ಮ ಅಡ್ಡರಸ್ತೆಯಲ್ಲಿ ಮನೆ ಕಟ್ಟಿಕೊಂಡಿದ್ದಾರೆ. ಎದುರಿಗೇ ನನ್ನ ಹಾರ್ಡ್‌ವೇರ್ ಅಂಗಡಿ. ಬಹಳ ಒಳ್ಳೆಯ ಮನುಷ್ಯ. ಎಡ ಬಲದ ವಿಷಯದಲ್ಲಿ ಮಾತ್ರ ಹುಟ್ಟಿದಾಗಿನಿಂದ ಗೊಂದಲ. ಸ್ಕೂಟರಿನಲ್ಲಿ ಬಲಗಡೆ ದೀಪ ಹಾಕಿ ಎಡಕ್ಕೆ ತಿರುಗುತ್ತಾರೆ. ಇಡೀ ರಸ್ತೆಗೆ ಅದು ರೂಢಿಯಾಗಿದೆ. ಅವರ ಬಲದೀಪ ಮಿನುಗಿದರೆ ನಾವೆಲ್ಲ ಬಲಕ್ಕೇ ಸರಿದುಕೊಳ್ಳುತ್ತೇವೆ, ಇದುವರೆಗೆ ಯಾರಿಗೂ ಪೆಟ್ಟಾಗಿಲ್ಲ.

ಅವರ ಬೋರ್‌ವೆಲ್ ಹಿಂದಿನ ವರ್ಷವೇ ಬರೀ ಗಾಳಿ ಉಗುಳಿ ನಿಂತಿತ್ತು. ಪಕ್ಕದ ಮನೆಯ ಮುನಿಕೃಷ್ಣಮ್ಮನವರ ಬೋರ್‌ವೆಲ್ ಮಾತ್ರ ಬತ್ತಿರಲಿಲ್ಲ. ಈ ರಸ್ತೆಯೆಲ್ಲ ಒಂದು ಕಾಲಕ್ಕೆ ಅವರ ಮಾವನ ರಾಗಿ ಹೊಲ. ಆಕೆ ತಾವಾಗಿಯೇ ಗೋಡೆಯ ಮೇಲಿಂದ ಒಂದು ಪೈಪು ಹಾಯಿಸಿ ವಿರೂಪಾಕ್ಷಪ್ಪನವರ ಮನೆಗೆ ನೀರು ಕೊಟ್ಟಿದ್ದರು. ದುಡ್ಡು ಕಾಸಿನ ಮಾತಿಲ್ಲ. ವಾಲ್ವು ಮಾತ್ರ ಆಕೆಯ ಹಿತ್ತಲಿನಲ್ಲಿ. ಬೆಳಗ್ಗೆ ಎದ್ದು, ಮುಖ ತೊಳೆದು, ವಾಲ್ವನ್ನು ಅರ್ಧ ಸುತ್ತು ತಿರುಗಿಸುವುದು ಆಕೆಯ ಮೊದಲ ಕೆಲಸ. ಆ ಅರ್ಧ ಸುತ್ತಿನ ಮೇಲೆ ವಿರೂಪಾಕ್ಷಪ್ಪನವರ ಸ್ನಾನ, ಅಡುಗೆ, ಮಾನ ಎಲ್ಲ ನಿಂತಿತ್ತು.

ಆನೆಯ ಹುಚ್ಚು ಹಿಡಿಸಿದ್ದು ಅವರ ಷಡ್ಡಕ ಕಾಡಪ್ಪ. ಆತ ಕೆಂಪಾಪುರದಲ್ಲಿ ಫ್ಲ್ಯಾಟು ತೆಗೆದುಕೊಂಡು, ನಡುಮನೆಯ ಗೋಡೆಗೆ ಬುದ್ಧನ ಮುಖ ಕೂರಿಸಿ, ಹಣೆಯಿಂದ ಗಲ್ಲದವರೆಗೆ ನೀರು ಇಳಿಯುವಂತೆ ಮಾಡಿಸಿದ್ದ. ಊಟಕ್ಕೆ ಕರೆದವನು ಅನ್ನದ ಮೇಲೆ ಸಾರು ಬಿದ್ದ ಹೊತ್ತಿಗೇ, ನಿಮ್ಮ ಮನೆಗೂ ಏನಾದರೂ ಒಂದು ಕಳೆ ತರಬಾರದೇ ಎಂದು ಕೇಳಿದ. ವಿರೂಪಾಕ್ಷಪ್ಪನವರಿಗೆ ಅನ್ನ ಇಳಿಯಲಿಲ್ಲ. ಊರ ತುಂಬ ಗುಡಿ, ಗುಡಿಯ ತುಂಬ ಶಿಲ್ಪ ಇರುವ ನಾಡಿನಿಂದ ಬಂದವನಿಗೆ ಈತ ಕಳೆ ಹೇಳಿಕೊಡುವುದೇ? ಮರುದಿನವೇ ರಾಜಾನುಕುಂಟೆಗೆ ಹೋದರು.

ನಾಸಿರ್ ಪ್ರಾಮಾಣಿಕ ವ್ಯಾಪಾರಿ. ನಮ್ಮ ಅಚ್ಚಿನ ಆನೆಗಳೆಲ್ಲ ಎಡಕ್ಕೆ ಹೋಗುತ್ತವೆ, ನಿಮ್ಮ ಗೇಟು ಯಾವ ಕಡೆ ಎಂದು ಮೊದಲೇ ಕೇಳಿದ. ಆನೆಸಾಲು ಎಂದರೆ ಗೇಟಿನ ಕಡೆಗೆ ಮುಖ ಮಾಡಿ ಮನೆಯೊಳಕ್ಕೆ ಬರುತ್ತಿರಬೇಕು, ಆಗಲೇ ಲಕ್ಷ್ಮಿ ಬರುವುದು. ಇದು ಯಾರೂ ಹೇಳಿಕೊಡಬೇಕಾದ ವಿಷಯವಲ್ಲ. ವಿರೂಪಾಕ್ಷಪ್ಪನವರು ಕಣ್ಣು ಮುಚ್ಚಿ, ತಾವು ಪಡಸಾಲೆಯಲ್ಲಿ ಕೂತು ಚಹಾ ಕುಡಿಯುತ್ತಿರುವಂತೆ ನೆನೆಸಿಕೊಂಡರು. ಗೇಟು ಎಡಗೈ ಕಡೆ ಕಂಡಿತು. ಎಡಕ್ಕೇ ಎಂದರು. ಒಳಗೆ ಕೂತವನ ಎಡ ಬೀದಿಯಲ್ಲಿ ನಿಂತವನಿಗೆ ಬಲ ಎಂಬುದನ್ನು ನಾಸಿರ್ ಕೇಳಲಿಲ್ಲ, ಇವರು ಯೋಚಿಸಲಿಲ್ಲ. ಹದಿನೆಂಟು ಆನೆಗಳಿಗೆ ಮುಂಗಡ ಕೊಟ್ಟರು. ಮುರಿದರೆ ಇರಲಿ ಎಂದು ನಾಸಿರ್ ಇನ್ನೊಂದನ್ನು ಪುಕ್ಕಟೆ ಸೇರಿಸಿದ.

ಬೀದಿಯಿಂದ ನೋಡಿದರೆ ವಿರೂಪಾಕ್ಷಪ್ಪನವರ ಕಾಂಪೌಂಡಿನ ಬಲತುದಿಯಲ್ಲಿ ಅವರ ಗೇಟು. ಎಡತುದಿ ಮುಗಿದ ಕೂಡಲೇ ಮುನಿಕೃಷ್ಣಮ್ಮನವರ ಗೇಟು. ನಾಸಿರ್‌ನ ಆಳುಗಳು ಸಂಜೆಯೊಳಗೆ ಕೆಲಸ ಮುಗಿಸಿದರು. ಹದಿನೆಂಟು ಆನೆಗಳು ವಿರೂಪಾಕ್ಷಪ್ಪನವರ ಗೇಟಿಗೆ ಬಾಲ ತೋರಿಸಿ, ಸೊಂಡಿಲೆತ್ತಿ, ಒಂದೇ ಸಮ ಮುನಿಕೃಷ್ಣಮ್ಮನವರ ಗೇಟಿನ ಕಡೆಗೆ ನಡೆಯುತ್ತಿದ್ದವು. ವಿರೂಪಾಕ್ಷಪ್ಪನವರು ನನ್ನ ಅಂಗಡಿಯ ಮೆಟ್ಟಿಲ ಮೇಲೆ ನಿಂತು, ಸೊಂಟಕ್ಕೆ ಕೈಕೊಟ್ಟು ಅದನ್ನೇ ನೋಡುತ್ತ ಆನಂದಪಟ್ಟರು. ನನಗೆ ಆಗಲೇ ಕಂಡಿತ್ತು. ಆದರೆ ಗೋಡೆಗೆ ಅಂಟಿದ ಮೇಲೆ ಹೇಳಿ ಏನು ಪ್ರಯೋಜನ ಎಂದು ಸುಮ್ಮನಾದೆ.

ಮಾರನೆಯ ಬೆಳಗ್ಗೆ ಮುನಿಕೃಷ್ಣಮ್ಮನವರು ರಂಗೋಲಿ ಡಬ್ಬಿ ಹಿಡಿದು ಹೊರಗೆ ಬಂದು, ಡಬ್ಬಿ ಹಿಡಿದೇ ನಿಂತುಬಿಟ್ಟರು. ತಮ್ಮ ಗೇಟಿಗೆ ಬರುತ್ತಿದ್ದ ಆನೆಗಳನ್ನು ಒಂದೊಂದಾಗಿ ನೋಡಿದರು. ಒಳಗೆ ಹೋಗಿ ಆರತಿ ತಟ್ಟೆ ತಂದರು. ಎಲ್ಲಕ್ಕಿಂತ ಮುಂದಿದ್ದ ಆನೆಗೆ ಕುಂಕುಮವಿಟ್ಟು, ಆರತಿ ಎತ್ತಿ, ಗೇಟಿನ ಎರಡು ಬಾಗಿಲನ್ನೂ ತೆರೆದಿಟ್ಟರು. ಹಲ್ಲುಜ್ಜುತ್ತ ಹೊರಬಂದ ವಿರೂಪಾಕ್ಷಪ್ಪನವರನ್ನು ಕಂಡು ಆಕೆಗೆ ಕಣ್ಣು ತುಂಬಿತು.

"ಏನ್ ಮನ್ಸ ಕಣಪ್ಪ ನೀನು. ವಸಿ ನೀರು ಕೊಟ್ಟಿದ್ಕೆ ಆನೆ ಸಾಲೇ ಕಳಿಸ್ಬುಟ್ಟೆ ನಮ್ ಮನೆಗೆ. ಇಂಗೆ ಮಾಡೋರು ಯಾರವ್ರೆ ಈ ಕಾಲ್ದಾಗೆ."

ವಿರೂಪಾಕ್ಷಪ್ಪನವರ ಬಾಯಿ ತುಂಬ ಪೇಸ್ಟು. ಆಕೆ ಏನು ಹೇಳುತ್ತಿದ್ದಾರೆಂಬುದೂ ತಿಳಿಯಲಿಲ್ಲ, ಆನೆ ಚೆನ್ನಾಗಿದೆ ಎನ್ನುತ್ತಿರಬೇಕು ಎಂದುಕೊಂಡರು. ಉಗುಳಿ, ಕೈ ಮುಗಿದು, ಎಲ್ಲಾ ನಿಮ್ಮ ಆಶೀರ್ವಾದ ಎಂದುಬಿಟ್ಟರು. ಇಷ್ಟು ವಿನಯದಿಂದ ಇಷ್ಟು ದೊಡ್ಡ ತಪ್ಪು ಮಾಡಿದವರನ್ನು ನಾನು ನೋಡಿಲ್ಲ.

ಅವತ್ತಿನಿಂದ ವಾಲ್ವು ಪೂರ್ತಿ ಸುತ್ತು ತಿರುಗಿತು. ವಿರೂಪಾಕ್ಷಪ್ಪನವರ ಟ್ಯಾಂಕು ಅದರ ಆಯುಷ್ಯದಲ್ಲಿ ಮೊದಲ ಸಲ ತುಂಬಿ ಹೊರಗೆ ಚೆಲ್ಲಿತು. ಅದೇ ವಾರ ಮುನಿಕೃಷ್ಣಮ್ಮನವರ ಮಗ ಮುನಿರಾಜುವಿನ ಸೈಟು, ವರ್ಷಗಟ್ಟಲೆ ಯಾರೂ ಮೂಸಿ ನೋಡದೆ ಬಿದ್ದಿದ್ದದ್ದು, ಹೇಳಿದ ಬೆಲೆಗೆ ಮಾರಿಹೋಯಿತು. ಆಕೆ ಒಬ್ಬಟ್ಟು ಮಾಡಿ ರಸ್ತೆಯ ಎಲ್ಲ ಮನೆಗೂ ಹಂಚಿ, ಇದು ವಿರೂಪಾಕ್ಷಪ್ಪ ಕಳಿಸಿದ ಆನೆಯ ಪುಣ್ಯ ಎಂದರು.

ಆ ಭಾನುವಾರ ಕಾಡಪ್ಪ ಆನೆ ನೋಡಲು ಬಂದ. ರಸ್ತೆಯಲ್ಲಿ ನಿಂತು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ನೋಡಿದ. ಅವನ ಮುಖದಲ್ಲಿ ಒಂದು ಸಂತೋಷ ನಿಧಾನವಾಗಿ ಹರಡಿತು.

"ಅಣ್ಣಾರ, ಒಂದು ಮಾತು ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಇವು ನಿಮ್ಮ ಮನಿಗೆ ಬರಾಕತ್ತಾವೋ, ಮನಿ ಬಿಟ್ಟು ಹೊಂಟಾವೋ?"

ವಿರೂಪಾಕ್ಷಪ್ಪನವರು ಎಡಗೈ ನೋಡಿಕೊಂಡರು, ಬಲಗೈ ನೋಡಿಕೊಂಡರು. ಹೆಂಡತಿ ಪಾರವ್ವ ಚಹಾ ತಟ್ಟೆ ಹಿಡಿದು ಬಂದವರು ಅಲ್ಲೇ ನಿಂತರು. ಆಕೆಗೆ ಕೈ ನೋಡಿಕೊಳ್ಳುವ ಅಗತ್ಯವಿರಲಿಲ್ಲ. ಮುನಿಕೃಷ್ಣಮ್ಮ ಆರತಿ ಎತ್ತಿದ ದಿನವೇ ಆಕೆ ಕಿಟಕಿಯಿಂದ ಎಲ್ಲ ನೋಡಿದ್ದರು. ತುಂಬಿ ಚೆಲ್ಲುವ ಟ್ಯಾಂಕನ್ನೂ ನೋಡಿದ್ದರು, ಅದಕ್ಕೇ ಸುಮ್ಮನಿದ್ದರು. ಈಗ ತಂಗಿಯ ಗಂಡನ ಬಾಯಲ್ಲಿ ಆ ಮಾತು ಬಂದ ಮೇಲೆ ಸುಮ್ಮನಿರುವುದು ಆಗಲಿಲ್ಲ.

ಅಲ್ಲಿಂದ ಮುಂದೆ ಆ ಮನೆಯಲ್ಲಿ ಕೆಟ್ಟದ್ದೆಲ್ಲ ಆನೆಯ ಲೆಕ್ಕಕ್ಕೆ ಹೋಯಿತು. ಮಿಕ್ಸಿ ಸುಟ್ಟಿತು, ಆನೆ. ಬೇಳೆ ಬೇಯುವ ಮೊದಲೇ ಗ್ಯಾಸು ಮುಗಿಯಿತು, ಆನೆ. ಹಾಲು ಬೆಕ್ಕಿನ ಪಾಲಾಯಿತು, ಅದೂ ಆನೆ. ಮೊದಲು ಆ ಮನೆಯಲ್ಲಿ ಇಂಥವು ಆಗುತ್ತಿರಲಿಲ್ಲವೆಂದಲ್ಲ. ಆಗ ಹೊಣೆ ಹೊರಲು ಯಾರೂ ಸಿಕ್ಕಿರಲಿಲ್ಲ. ಲಕ್ಷ್ಮಿ ದಿನವೂ ಕಣ್ಣೆದುರಿಗೇ ಪಕ್ಕದ ಮನೆಗೆ ನಡೆದು ಹೋಗುತ್ತಿದ್ದಾಳೆ, ಅದೂ ನಾವೇ ಆನೆ ಕೊಟ್ಟು ಕಳಿಸುತ್ತಿದ್ದೇವೆ ಎಂದು ಪಾರವ್ವ ಊಟಕ್ಕೆ ಬಡಿಸುವಾಗಲೆಲ್ಲ ಹೇಳಿದರು.

ವಿರೂಪಾಕ್ಷಪ್ಪನವರ ಸಂಕಟ ಹೀಗಿತ್ತು: ಆನೆ ತಿರುಗಿಸದಿದ್ದರೆ ಹೆಂಡತಿ ಬಿಡುವುದಿಲ್ಲ, ತಿರುಗಿಸಿದರೆ ನೀರು ನಿಲ್ಲುತ್ತದೆ. ಒಬ್ಬರಿಗೆ ಕಳಿಸಿದ ಉಡುಗೊರೆಯನ್ನು ವಾಪಸ್ ಕಿತ್ತುಕೊಂಡ ಮೇಲೆ ಅವರ ಮನೆಯ ಪೈಪಿಗೆ ಬಾಯೊಡ್ಡುವುದುಂಟೇ?

ಮೊದಲು ನಾಸಿರ್‌ಗೆ ಫೋನ್ ಮಾಡಿ ಬಲಕ್ಕೆ ಹೋಗುವ ಆನೆ ಕೇಳಿದರು. ಜನ ಗುಡಿ ಸುತ್ತುವ ಕಡೆಗೇ ಗೋಡೆಯ ಆನೆಯೂ ಹೋಗುತ್ತದೆ, ಉಲ್ಟಾ ಪ್ರದಕ್ಷಿಣೆ ಹಾಕುವ ಆನೆಯ ಅಚ್ಚನ್ನು ನಾನೆಲ್ಲಿಂದ ತರಲಿ ಸಾರ್ ಎಂದು ಅವನು ಕೈಯೆತ್ತಿದ. ಆಗ ವಿರೂಪಾಕ್ಷಪ್ಪನವರಿಗೆ ಸ್ಟೋರ್ಸಿನ ಬುದ್ಧಿ ಹೊಳೆಯಿತು. ಬೋಲ್ಟು ಕೂರದಿದ್ದರೆ ತಿರುಗಿಸಿ ಹಾಕಬೇಕು. ಪುಕ್ಕಟೆ ಬಂದಿದ್ದ ಆನೆಯನ್ನು ಅಂಗಳಕ್ಕೆ ತಂದು ನಿಧಾನವಾಗಿ ಅರ್ಧ ಸುತ್ತು ತಿರುಗಿಸಿದರು. ನಿಜವಾಗಿಯೂ ಮುಖ ಬಲಕ್ಕೆ ಬಂತು. ಅಂಗಡಿಯಿಂದ ನನ್ನನ್ನೂ ಕೂಗಿ ಕರೆದು, ಪಾರವ್ವನನ್ನೂ ಕರೆದು ತೋರಿಸಿದರು. ಆನೆ ನಾಲ್ಕು ಕಾಲನ್ನೂ ಆಕಾಶಕ್ಕೆ ಚಾಚಿ ಗೇಟಿನ ಕಡೆ ನೋಡುತ್ತಿತ್ತು.

ಪಾರವ್ವ ಸ್ವಲ್ಪ ಹೊತ್ತು ತಲೆ ಓರೆ ಮಾಡಿ ನೋಡಿದರು. "ಇದು ಬರಾಕತ್ತಿಲ್ರಿ. ಇದನ್ನ ಹೊತ್ಕೊಂಡು ಬರಾಕತ್ತಾರ," ಎಂದು ಒಳಗೆ ಹೋದರು.

ನನಗೆ ನಗು ತಡೆಯಲಾಗಲಿಲ್ಲ. ವಿರೂಪಾಕ್ಷಪ್ಪನವರ ಕೈ ಜಾರಿ ಆ ಆನೆ ಬಿದ್ದು ಎರಡು ತುಂಡಾಯಿತು.

ಇಷ್ಟರಲ್ಲಿ ಬಲಗಡೆಯ ಮನೆಯ ಶಿವಪ್ರಕಾಶ ಎದ್ದರು. ಅವರು ಲೆಕ್ಕ ತನಿಖೆ ಮಾಡಿ ನಿವೃತ್ತರಾದವರು, ಎಲ್ಲಿ ಏನು ಕಡಿಮೆ ಬಂತು ಎಂಬುದು ಬೇಗ ಕಾಣುತ್ತದೆ. ಬೆಳಗ್ಗೆ ವಾಕಿಂಗ್ ಹೊರಟರೆ ಮೊದಲ ದರ್ಶನ ಹದಿನೆಂಟನೆಯ ಆನೆಯ ಹಿಂಭಾಗ. ಅವರು ವಿರೂಪಾಕ್ಷಪ್ಪನವರನ್ನು ನನ್ನ ಅಂಗಡಿಯ ಮುಂದೆಯೇ ತಡೆದು ನಿಲ್ಲಿಸಿದರು.

"ಮುಖ ಅವ್ರಿಗೆ, ಬಾಲ ನಮ್ಗೆ. ಇದ್ಯಾವ ಡಿಸ್ಟ್ರಿಬ್ಯೂಷನ್ ಸಾರ್?"

ಶಿವಪ್ರಕಾಶ ವಾರ್ಡ್ ಆಫೀಸಿಗೆ ಹೋಗಿ, ಸಾರ್ವಜನಿಕ ಚರಂಡಿಯ ಮೇಲೆ ಆನೆಗಳು ಒತ್ತುವರಿ ಮಾಡಿವೆ ಎಂದು ದೂರು ಕೊಟ್ಟರು.

ಎಂಜಿನಿಯರ್ ಸುಮಾ ಟೇಪು ಹಿಡಿದು ಬಂದರು. ನಿಜಕ್ಕೂ ಆನೆಯ ಹೊಟ್ಟೆ ಗೋಡೆಯಿಂದ ಎರಡು ಅಂಗುಲ ಮುಂದೆ, ಚರಂಡಿ ಚಪ್ಪಡಿಯ ಮೇಲೆ ಬಂದಿತ್ತು. ವಿರೂಪಾಕ್ಷಪ್ಪನವರಿಗೆ ದೇವರೇ ಟೇಪು ಹಿಡಿದು ಬಂದಂತಾಯಿತು. ಸರ್ಕಾರವೇ ತೆಗೆಸಿದರೆ ಹೆಂಡತಿಗೂ ಸಮಾಧಾನ, ಮುನಿಕೃಷ್ಣಮ್ಮನಿಗೂ ಸಿಟ್ಟಿಲ್ಲ. ಅವರು ಸುಮಾ ಅವರನ್ನು ಪಕ್ಕಕ್ಕೆ ಕರೆದು, ಇವನ್ನೆಲ್ಲ ಕೂಡಲೇ ಕಿತ್ತುಹಾಕು ಎಂದು ನನಗೊಂದು ನೋಟಿಸು ಕೊಡಿ, ಇವತ್ತೇ ಕೊಡಿ ಎಂದು ಬೇಡಿಕೊಂಡರು. ನೋಟಿಸು ಬೇಡ ಎಂದು ಕಾಲು ಹಿಡಿದವರನ್ನು ಆಕೆ ಬೇಕಾದಷ್ಟು ನೋಡಿದ್ದರು. ಬೇಕು ಎಂದು ಬೇಡುವವರು ಇವರೇ ಮೊದಲು. ಆಕೆಗೆ ಅನುಮಾನ ಬಂತು. ಇದರ ಹಿಂದೆ ಏನಿದೆ ಹೇಳಿ ಸಾರ್ ಎಂದರು. ಹಿಂದೆ ಗೋಡೆ ಇದೆ ಎಂದರು ವಿರೂಪಾಕ್ಷಪ್ಪ.

ಅಷ್ಟರಲ್ಲಿ ಮುನಿಕೃಷ್ಣಮ್ಮ ದೊಡ್ಡ ಲೋಟದಲ್ಲಿ ಮಜ್ಜಿಗೆ ಹಿಡಿದು ಬಂದರು. ಮಜ್ಜಿಗೆಯನ್ನು ಎಂಜಿನಿಯರ್ ಕೈಗೆ ಕೊಟ್ಟು, ತಾವು ಆನೆಗಳಿಗೆ ಬೆನ್ನು ಕೊಟ್ಟು ನಿಂತರು.

"ಬಿಸಿಲಾಗೆ ಬಂದಿದ್ದೀಯ, ಕುಡಿಯಮ್ಮ. ಕುಡ್ದಾದ್ಮೇಲೆ ಯೋಳು, ನಮ್ ಮನೆಗೆ ಬತ್ತಿರೋ ಆನೆನ ದಾರೀಲಿ ತಡಿಯೋಕೆ ನೀನ್ಯಾರು ಅಂತ. ಆಮೇಲೆ ಆ ಶಿವಪ್ರಕಾಶಪ್ಪನ ಗೇಟ್ ತಾವೂ ಟೇಪ್ ಇಡಿ."

ಸುಮಾ ಮಜ್ಜಿಗೆ ಕುಡಿದು ಅಲ್ಲೂ ಟೇಪು ಹಿಡಿದರು. ಆನೆಯ ಹೊಟ್ಟೆ ಎರಡು ಅಂಗುಲ. ಶಿವಪ್ರಕಾಶರ ಕಾರು ಹತ್ತುವ ಇಳಿಜಾರು ರಸ್ತೆಗೆ ಎರಡು ಅಡಿ. ಸಂಜೆಯ ಹೊತ್ತಿಗೆ ಶಿವಪ್ರಕಾಶ ದೂರು ವಾಪಸ್ ತೆಗೆದುಕೊಂಡರು. ಮುನಿಕೃಷ್ಣಮ್ಮ ವಿರೂಪಾಕ್ಷಪ್ಪನವರ ಬೆನ್ನು ತಟ್ಟಿ, ನಾನಿರೋವರೆಗೂ ನಿನ್ನ ಆನೆ ಯಾರೂ ಮುಟ್ಟುವಂತಿಲ್ಲ ಎಂದು ಧೈರ್ಯ ಹೇಳಿದರು. ಇಷ್ಟು ಗಟ್ಟಿಯಾಗಿ ರಕ್ಷಣೆ ಸಿಕ್ಕಿ ಇಷ್ಟು ಬಾಡಿದ ಮುಖ ನಾನು ಕಂಡಿಲ್ಲ.

ಪಾರವ್ವನ ತಾಳ್ಮೆ ಮುಗಿಯಿತು. ಆನೆ ಇರಬೇಕು ಇಲ್ಲವೆ ತಾನಿರಬೇಕು, ಆನೆಯೇ ಇರುವುದಾದರೆ ತಾನು ಕೆಂಪಾಪುರಕ್ಕೆ ತಂಗಿಯ ಮನೆಗೆ ಹೋಗಿ ಇರುವುದಾಗಿ ಹೇಳಿದರು. ಹೆಂಡತಿ ಹೋಗಿ ಕಾಡಪ್ಪನ ಬುದ್ಧನ ಕೆಳಗೆ ಕೂರುವುದನ್ನು ನೆನೆದು ವಿರೂಪಾಕ್ಷಪ್ಪನವರು ಗಾರೆಯವನನ್ನು ಕರೆತಂದರು. ಆನೆ ಕೀಳುವ ಉಳಿಯನ್ನು ನಾನೇ ಮಾರಿದೆ, ವ್ಯಾಪಾರಕ್ಕೆ ಕಣ್ಣಿಲ್ಲ.

ಬೆಳಗಿನ ಹೊತ್ತು. ಪಾರವ್ವ ಬಚ್ಚಲಲ್ಲಿ ಡ್ರಮ್ಮಿಗೆ ನೀರು ಹಿಡಿಯುತ್ತಿದ್ದರು. ಹೊರಗೆ ಗಾರೆಯವನು ಮೊದಲ ಆನೆಯ ಬೆನ್ನಿಗೆ ಉಳಿಯಿಟ್ಟು ಸುತ್ತಿಗೆಯಿಂದ ಒಂದೇ ಒಂದು ಪೆಟ್ಟು ಕೊಟ್ಟ. ಆ ಪೆಟ್ಟು ಬಿದ್ದ ಗಳಿಗೆಗೆ ಸರಿಯಾಗಿ ಒಳಗಿಂದ ಪಾರವ್ವ ಕೂಗಿದರು.

"ರೀ, ನೀರು ನಿಂತ್ವು."

ವಿರೂಪಾಕ್ಷಪ್ಪನವರ ಮುಖ ಸುಣ್ಣವಾಯಿತು. ಗಾರೆಯವನ ಕೈಯಿಂದ ಸುತ್ತಿಗೆ ಕಿತ್ತುಕೊಂಡು, ಅದನ್ನು ಹಿಡಿದೇ ಓಡಿ, ಮುನಿಕೃಷ್ಣಮ್ಮನವರ ಗೇಟಿನ ಮುಂದೆ ರಂಗೋಲಿಯ ನಟ್ಟನಡುವೆ ನಿಂತರು. ಆಕೆ ತಲೆಯೆತ್ತುವಷ್ಟೂ ತಡೆಯಲಿಲ್ಲ. ಒಂದೇ ಉಸಿರಿನಲ್ಲಿ ಎಲ್ಲ ಹೇಳಿಬಿಟ್ಟರು.

"ಅಮ್ಮಾರ, ತಪ್ಪಾತ್ರಿ. ಆ ಆನಿ ನಿಮಗ ಕಳಿಸಿದ್ದಲ್ರಿ, ನಮಗ ತರಿಸಿದ್ದು. ನಾನು ಪಡಸಾಲ್ಯಾಗ ಕುಂತು ಎಡಾ ಅಂದೆ, ಅಂವಾ ರಸ್ತೇದಾಗ ನಿಂತು ಎಡಾ ಅಂದ್ಕೊಂಡ. ನಿಮಗ ಹೇಳಿದ್ರ ನೀರು ಬಂದ್ ಮಾಡ್ತೀರಿ ಅಂತ ಬಾಯಿ ಮುಚ್ಕೊಂಡಿದ್ದೆ. ವಾಲ್ವ್ ಒಂದು ತಿರುವ್ರಿ, ಆನಿ ಬೇಕಾದ್ರ ನಿಮ್ಮನಿಗೇ ಹೋಗ್ಲಿ."

ರಸ್ತೆಯಲ್ಲಿ ಎಲ್ಲರೂ ನಿಂತಿದ್ದರು. ಶಿವಪ್ರಕಾಶ ಪೇಪರು ಮಡಿಸಿದರು. ಮುನಿಕೃಷ್ಣಮ್ಮ ಬಾಗಿಲಲ್ಲಿ ಸೊಪ್ಪು ಸೋಸುತ್ತ ಕೂತಿದ್ದವರು ತಲೆಯೆತ್ತಿದರು.

"ಕರೆಂಟ್ ಓಯ್ತು ಕಣಪ್ಪ. ಅದ್ಕೆ ಮೋಟ್ರು ನಿಂತದೆ." ಕೈಯಲ್ಲಿದ್ದ ಸೊಪ್ಪನ್ನು ಮೊರಕ್ಕೆ ಹಾಕಿ ಕೇಳಿದರು, "ಏನಂದೆ? ಇನ್ನೊಂದ್ಸಲ ಯೋಳು."

ವಿರೂಪಾಕ್ಷಪ್ಪನವರು ಸುತ್ತಿಗೆಯನ್ನು ಬೆನ್ನ ಹಿಂದೆ ಬಚ್ಚಿಟ್ಟರು. ಆಕೆ ಸೊಪ್ಪಿನ ಮೊರ ಎತ್ತಿಕೊಂಡು ಒಳಗೆ ಹೋದರು. ಕಾಲು ಗಂಟೆಗೆ ಕರೆಂಟು ಬಂತು. ಮೋಟಾರಿನ ಸದ್ದೂ ಬಂತು. ನೀರು ಬರಲಿಲ್ಲ.

ಮುಂದಿನ ವಾರ ಆ ಮನೆಯವರು ಅನುಭವಿಸಿದ್ದನ್ನು ವಿವರಿಸುವುದಿಲ್ಲ. ಟ್ಯಾಂಕರಿನವನು ಕರೆದಾಗ ಬರಲಿಲ್ಲ, ಬಂದಾಗ ಮನೆಯಲ್ಲಿ ಇವರಿರಲಿಲ್ಲ. ವಿರೂಪಾಕ್ಷಪ್ಪನವರು ನನ್ನ ಅಂಗಡಿಯ ಹಿಂದೆ ಒಂದು ಬಕೆಟ್ಟಿನಲ್ಲಿ ಸ್ನಾನ ಮಾಡಿದರು. ಮುನಿಕೃಷ್ಣಮ್ಮನ ಗೇಟು ಮುಚ್ಚಿತ್ತು. ಆನೆಗಳು ಮುಚ್ಚಿದ ಗೇಟಿನ ಕಡೆಗೇ ನಡೆಯುತ್ತಿದ್ದವು. ರಸ್ತೆಯವರು ಎರಡು ಪಂಗಡವಾದರು: ಆನೆ ಯಾರಿಗೆ ಮುಖ ಮಾಡಿದೆಯೋ ಅವರದು ಎನ್ನುವವರು, ದುಡ್ಡು ಕೊಟ್ಟವನದು ಎನ್ನುವವರು. ಎರಡೂ ಪಂಗಡದವರು ನೀರು ಮಾತ್ರ ಕೊಡಲಿಲ್ಲ.

ಕೊನೆಗೆ ಪಾರವ್ವ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ತಾವೇ ಹೋದರು. ಪೈಪು ಸರಿಮಾಡುವ ಸಾಮಾನು ಕೊಡಲು ನಾನೂ ಆಗ ಮುನಿಕೃಷ್ಣಮ್ಮನ ಅಂಗಳದಲ್ಲಿದ್ದೆ. ಪಾರವ್ವ ಸುತ್ತಿ ಬಳಸಲಿಲ್ಲ. ತಮ್ಮ ಯಜಮಾನರಿಗೆ ಎಡಬಲ ತಿಳಿಯುವುದಿಲ್ಲ, ಆದರೆ ತನಗೆ ತಿಳಿಯುತ್ತದೆ, ಆರತಿ ಎತ್ತಿದ ದಿನವೇ ಕಂಡು ನೀರಿನ ಆಸೆಗೆ ಸುಮ್ಮನಿದ್ದವಳು ತಾನು ಎಂದರು. ಮುನಿಕೃಷ್ಣಮ್ಮ ರೊಟ್ಟಿ ಮುರಿದು ಚಟ್ನಿಪುಡಿ ನೆಂಚಿಕೊಂಡು, ಪೂರ್ತಿ ತಿಂದಮೇಲೆ ಮಾತಾಡಿದರು.

"ಕಳಿಸಿದ್ದೋ ಬಂದಿದ್ದೋ, ಅದು ಬ್ಯಾಡ. ಉಳಿ ಇಕ್ಕೋ ಮುಂಚೆ ಒಂದ್ ಮಾತು ಕೇಳ್ಬೌದಾಗಿತ್ತು, ಅದೇ ನಂಗೆ ಸಿಟ್ಟು. ನಾನು ಆರತಿ ಎತ್ತಿ ಒಳಕ್ಕೆ ಕರ್ದಿದ್ದೀನಿ. ಕರ್ದ ಮೇಲೆ ಬರ್ಬ್ಯಾಡ ಅನ್ನೋಕಾಯ್ತದಾ? ಆನೆ ತಿರುಗಿಸ್ಬ್ಯಾಡಿ. ನಿಮ್ ಗೇಟ್ನೇ ಇತ್ಲಾಗ್ ತನ್ನಿ. ನಿಮ್ಗೂ ಬರ್ಲಿ, ನಮ್ಗೂ ಬರ್ಲಿ."

ಇಷ್ಟು ಜನ ಇಷ್ಟು ದಿನ ತಲೆ ಕೆಡಿಸಿಕೊಂಡರೂ ಯಾರಿಗೂ ಇದು ಹೊಳೆದಿರಲಿಲ್ಲ. ಎಲ್ಲರೂ ಆನೆ ತಿರುಗಿಸಲು ನೋಡಿದ್ದೆವು, ಆಕೆ ಮನೆಯನ್ನೇ ತಿರುಗಿಸಿದರು.

ಗಾರೆಯವನು ಮತ್ತೆ ಬಂದ. ಎಡತುದಿಯ ಗೋಡೆ ಒಡೆದು ಗೇಟು ಅಲ್ಲಿಗೆ ಬಂತು. ಮುಂದಿದ್ದ ಆರು ಆನೆಗಳನ್ನು ಬಿಡಿಸಿ, ಹಳೇ ಗೇಟಿನ ಜಾಗಕ್ಕೆ ಗೋಡೆ ಕಟ್ಟಿ, ಹಿಂದೆ ಸೇರಿಸಿದರು. ಮೆರವಣಿಗೆಯಲ್ಲಿ ಆನೆ ಹಿಂದೆ ಮುಂದೆ ಆಗುವುದುಂಟು ಎಂದು ಮುನಿಕೃಷ್ಣಮ್ಮ ಕುರ್ಚಿ ಹಾಕಿಕೊಂಡು ಕೂತು ಅಪ್ಪಣೆ ಕೊಟ್ಟರು. ಬಿಡಿಸುವಾಗ ಒಂದರ ಸೊಂಡಿಲು ಮುರಿಯಿತು. ಬಾಲ ಮೊದಲಿಗಿಂತ ಹತ್ತು ಅಡಿ ಹತ್ತಿರ ಬಂದದ್ದನ್ನು ಶಿವಪ್ರಕಾಶ ನೋಡಿದರು, ತಮ್ಮ ಇಳಿಜಾರನ್ನೂ ನೋಡಿಕೊಂಡರು, ವಾಕಿಂಗ್ ಹೊರಟರು.

ಹೊಸ ಗೇಟು ತೆರೆದರೆ ಸೀದಾ ಸಿಗುವುದು ಬಟ್ಟೆ ಒಗೆಯುವ ಕಲ್ಲು. ಮುಂಬಾಗಿಲಿಗೆ ಹೋಗಬೇಕಾದರೆ ಒದ್ದೆ ಬಟ್ಟೆಯ ಕೆಳಗೆ ಬಗ್ಗಿ, ಬಚ್ಚಲನ್ನು ಸುತ್ತಿ ನಡೆಯಬೇಕು. ಮೊನ್ನೆ ಕಾಡಪ್ಪ ಬಂದವನು ಬಾಯಿ ತೆರೆದು ಏನೋ ಹೇಳಹೊರಟ, ಅಷ್ಟರಲ್ಲಿ ಪಾರವ್ವನ ಒದ್ದೆ ಸೀರೆ ಅವನ ಮುಖಕ್ಕೆ ಬಡಿಯಿತು. ವಿರೂಪಾಕ್ಷಪ್ಪನವರು ಬಲದೀಪ ಹಾಕಿಕೊಂಡು ಎಡದ ಗೇಟಿನಿಂದ ಹೊರಡುತ್ತಾರೆ.

ಅವರಿಗೆ ಹೋದದ್ದು ಆನೆಯ ದುಡ್ಡು, ಗಾರೆಯ ದುಡ್ಡು, ಸ್ಕೂಟರಿಗೆ ದಾರಿ ಬಿಡಲು ಕಡಿದ ಒಂದು ಕರಿಬೇವಿನ ಗಿಡ, ಒಂದು ಸೊಂಡಿಲು. ಗೇಟು ಸರಿದ ಮೇಲೆ ಲಕ್ಷ್ಮಿ ಎರಡು ಮನೆಗೂ ಬಂದ ಸುದ್ದಿಯಿಲ್ಲ. ಎರಡು ಗೇಟಿನ ಮುಂದೆ ಈಗ ಒಂದೇ ರಂಗೋಲಿ. ಪೂರ್ತಿ ತಿರುಗುತ್ತಿದ್ದ ವಾಲ್ವು ಈಗ ಮತ್ತೆ ಅರ್ಧ ಸುತ್ತು ಮಾತ್ರ ತಿರುಗುತ್ತದೆ. ಇಬ್ಬರ ಸಂಸಾರಕ್ಕೆ ಅಷ್ಟು ನೀರು ಸಾಕು.